ಅಮ್ಮನ ಹೆಸರಿನ ಕಾರು

ವಕ್ಕಲೇರಿಯ ಮುನಿಶಾಮಮ್ಮ ತನಗೊಂದು ಕಾರು ಬೇಕು ಎಂದು ಯಾವತ್ತೂ ಕೇಳಿದವಳಲ್ಲ. ಅವಳಿಗೆ ಕಾರು ಬೇಕು ಎಂದು ತೀರ್ಮಾನ ಮಾಡಿದವರು ಅವಳ ಮೂವರು ಗಂಡುಮಕ್ಕಳು. ಮಂಡಿ ನೋವು ಎಂದ ಒಬ್ಬ, ಬಸ್ಸಿನ ಮೆಟ್ಟಿಲು ಎತ್ತರ ಎಂದ ಇನ್ನೊಬ್ಬ, ವಯಸ್ಸಾದ ಜೀವ ಎಷ್ಟು ದಿನ ಅಂತ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕು ಎಂದ ಮತ್ತೊಬ್ಬ. ಬೀದಿಗೆಲ್ಲ ಕೇಳುವ ಹಾಗೆ ಮೂವರೂ ಅಮ್ಮನಿಗೆ, ಅಮ್ಮನಿಗೆ ಎಂದರು. ಎದುರುಮನೆಯವರು ಕಾರು ತಂದು ನಿಲ್ಲಿಸಿದ ಮೇಲೆಯೇ ಈ ಮಾತು ಹುಟ್ಟಿದ್ದು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹಿರಿಯವನು ದೊಡ್ಡಮುನಿಯಪ್ಪ, ಟೊಮೇಟೊ ಬೆಳೆಯುತ್ತಿದ್ದ. ನಡುವಿನವನು ವೆಂಕಟ್, ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಿರಿಯವನು ಶಿವಕುಮಾರ, ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಭಾಗವಾಗಿ, ಒಂದೇ ಸಾಲಿನಲ್ಲಿ ಮೂರು ಮನೆ, ಮೂರು ಒಲೆ ಆಗಿದ್ದವು. ಒಬ್ಬನಿಗೇ ಕಾರು ಕೊಳ್ಳುವ ತಾಕತ್ತಿರಲಿಲ್ಲ. ಮೂವರು ಸೇರಿದರೆ ಹೊಸದಲ್ಲದಿದ್ದರೂ ಹಳೆಯದೊಂದು ಕೈಗೆಟುಕುತ್ತಿತ್ತು. ಸೇರುವುದಕ್ಕೆ ಒಂದು ನೆಪ ಬೇಕಿತ್ತು, ಆ ನೆಪಕ್ಕೆ ಮಂಡಿ ನೋವಿತ್ತು.

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ಅಮರನಾಥ್ ಎಂಬವರ ಕಾರು ಮಾರಾಟಕ್ಕಿದೆ ಎಂದು ಸುದ್ದಿ ತಂದವನು ವೆಂಕಟ್. ಬಿಳಿ ಬಣ್ಣದ, ಹಿಂದೆ ದೊಡ್ಡ ಡಿಕ್ಕಿಯಿರುವ ಉದ್ದನೆಯ ಸೆಡಾನ್. ಮಾಡೆಲ್ಲು ಹಳೆಯದು, ಈಗ ಯಾರೂ ಅದನ್ನು ತಯಾರಿಸುವುದೂ ಇಲ್ಲ. ಆದರೆ ಮನೆಮಂದಿಯ ಹಾಗೆ ನೋಡಿಕೊಂಡಿದ್ದರು, ಮೈಮೇಲೆ ಒಂದು ಗೀರಿರಲಿಲ್ಲ. ನೋಡಲು ಹೋದ ದಿನ ಅಮ್ಮನನ್ನೂ ಕರೆದುಕೊಂಡು ಹೋದರು, ಅಮ್ಮನ ಕಾರಲ್ಲವೇ. ದೊಡ್ಡಮುನಿಯಪ್ಪ ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ಬಾಗಿಲು ಬಾಗಿಲಿಗೂ ಬೆರಳ ಗೆಣ್ಣಿನಿಂದ ತಟ್ಟಿದ. ವೆಂಕಟ್ ಬಾನೆಟ್ ಎತ್ತಿಸಿ, ಆಯಿಲ್ ಕಡ್ಡಿ ಎಳೆದು, ಬೆರಳಿಗೆ ಸವರಿಕೊಂಡು ಮೂಸಿದ. ಶಿವಕುಮಾರ ಡಿಕ್ಕಿಯೊಳಕ್ಕೆ ತಲೆ ತೂರಿಸಿ, ಸೊಪ್ಪಿನ ಹೊರೆ ಎಷ್ಟು ಹಿಡಿಯಬಹುದೆಂದು ಅಂದಾಜು ಹಾಕಿದ. ಅಮ್ಮ ಎಲ್ಲಿ ಕೂರುತ್ತಾಳೆ ಎಂದು ಯಾರೂ ನೋಡಲಿಲ್ಲ.

ಅದನ್ನು ನೋಡಿದವರು ಅಮರನಾಥ್. ಹಿಂದಿನ ಎಡಗಡೆ ಬಾಗಿಲು ತೆರೆದು ಹಿಡಿದರು.

“ಇಲ್ಲಿ ಕೂತ್ಕೊಳಮ್ಮ. ನಮ್ಮ ಮನೆಯೋರು ಇಲ್ಲೇ ಕೂರ್ತಿದ್ದಿದ್ದು. ಅವ್ರು ಹೋದ್ಮೇಲೆ ಖಾಲಿ ಸೀಟು ಹಿಂದೆ ಹಾಕ್ಕೊಂಡು ಓಡಿಸಕ್ಕೆ ನನ್ನ ಕೈಲಾಗ್ತಿಲ್ಲ.”

ಮುನಿಶಾಮಮ್ಮ ಕೂತಳು. ಸೀಟು ಮೆತ್ತಗಿತ್ತು, ಕಾಲು ಚಾಚುವಷ್ಟು ಜಾಗವಿತ್ತು. ಮಂಡಿ ನಿಜಕ್ಕೂ ಹಗುರವಾಯಿತು. ಅಮರನಾಥ್ ಅವಳ ಮಕ್ಕಳ ಕಡೆ ತಿರುಗಿ ಕಾರು ಯಾರಿಗೆ ಎಂದು ಕೇಳಿದರು. ಮೂವರೂ ಒಟ್ಟಿಗೆ ಅಮ್ಮನಿಗೆ ಎಂದರು. ಓಡಿಸುವವರು ಯಾರು ಎಂದು ಕೇಳಿದರು. ಮೂವರೂ ಒಟ್ಟಿಗೆ ನಾನು ಎಂದರು. ಅಮರನಾಥ್ ನಕ್ಕರು, ಒಳಗೆ ಕೂತಿದ್ದ ಮುನಿಶಾಮಮ್ಮನೂ ನಕ್ಕಳು. ಆ ದಿನ ನಕ್ಕಿದ್ದಕ್ಕೆ ಆಮೇಲೆ ತನ್ನನ್ನು ತಾನೇ ಎಷ್ಟು ಸಲ ಬೈದುಕೊಂಡಳೋ.

ಕಾರು ಯಾರ ಹೆಸರಿಗೆ ಆಗಬೇಕು ಎಂಬ ಮಾತು ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣನ ಹೆಸರಿಗಾದರೆ ತಮ್ಮಂದಿರಿಗೆ ನಿದ್ದೆ ಬರುವುದಿಲ್ಲ, ತಮ್ಮನ ಹೆಸರಿಗಾದರೆ ಅತ್ತಿಗೆಗೆ ಅನ್ನ ಇಳಿಯುವುದಿಲ್ಲ. ಕೊನೆಗೆ ಅಮ್ಮನ ಹೆಸರಿಗೇ ಮಾಡಿಸಿದರು. ಅಪನಂಬಿಕೆಯಿಂದ ಮಾಡಿದ ಕೆಲಸಕ್ಕೆ ಊರವರು ತಾಯಿಭಕ್ತಿ ಎಂದು ಹೆಸರಿಟ್ಟರು. ದೇವಸ್ಥಾನದ ಮುಂದೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುವಾಗ ಹೆಂಗಸರು ಮುನಿಶಾಮಮ್ಮನ ಕೈ ಹಿಡಿದು ನೀನು ಪುಣ್ಯ ಮಾಡಿದ್ದೆ ಕಣಮ್ಮ ಎಂದರು. ಅವಳೂ ನಂಬಿದಳು. ಹೆತ್ತವಳಲ್ಲವೇ, ನಂಬದೆ ಏನು ಮಾಡುತ್ತಾಳೆ.

ಪೂಜೆ ಮುಗಿದ ಸಂಜೆಯೇ ಸರದಿಯ ಮಾತು ಬಂತು. ಈ ಅಣ್ಣತಮ್ಮಂದಿರಿಗೆ ಸರದಿ ಹೊಸದಲ್ಲ. ಹೊಲದಲ್ಲಿದ್ದ ಒಂದೇ ಬೋರ್‌ವೆಲ್‌ಗೆ ಭಾಗದ ದಿನವೇ ಸರದಿ ಹಾಕಿಕೊಂಡಿದ್ದರು. ಒಮ್ಮೆ ವೆಂಕಟನ ಸರದಿಯಲ್ಲಿ ದೊಡ್ಡಮುನಿಯಪ್ಪ ಗೇಟ್ ವಾಲ್ ತಿರುಗಿಸಿ ತನ್ನ ಟೊಮೇಟೊಗೆ ನೀರು ಬಿಟ್ಟುಕೊಂಡನೆಂದು ದೊಡ್ಡ ಜಗಳವಾಗಿ, ಆವತ್ತಿನಿಂದ ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಒಂದು ಬಿಂದಿಗೆ ನೀರನ್ನೂ ಕೇಳುತ್ತಿರಲಿಲ್ಲ. ಕೇಳಿದವನು ಸೋತ ಹಾಗೆ. ಅಮ್ಮನಿಗೂ ಸರದಿಯಿತ್ತು. ತಿಂಗಳಿಗೊಂದು ಮನೆ. ತಿಂಗಳು ಮುಗಿದರೆ ಅವಳ ಟ್ರಂಕು ಮುಂದಿನ ಮನೆಯ ಹೊಸ್ತಿಲು ದಾಟುತ್ತಿತ್ತು. ಈಗ ಕಾರಿಗೆ ವಾರಕ್ಕೊಂದು ಮನೆ ಎಂದಾಯಿತು. ಯಾರ ವಾರವೋ ಅವರ ಗೂಟದಲ್ಲಿ ಕೀಲಿ.

ಅಮ್ಮನ ತಿಂಗಳೂ ಕಾರಿನ ವಾರವೂ ಒಂದೇ ಮನೆಯಲ್ಲಿ ಕೂಡಿಬರುವುದು ಯಾವಾಗಲೋ ಒಮ್ಮೆ. ಕೂಡಿಬಂದ ವಾರ ಆ ಮನೆಯವರಿಗೆ ನೂರೆಂಟು ಕೆಲಸ. ಸೊಸೆಯ ತವರಿಗೆ ಹೋಗಬೇಕು, ಕೋಲಾರದಲ್ಲಿ ಮದುವೆ ಇದೆ, ಮೊಮ್ಮಕ್ಕಳಿಗೆ ಬಟ್ಟೆ ತರಬೇಕು. ಕೂಡಿಬರದ ವಾರದಲ್ಲಿ ಅಮ್ಮನಿಗೆ ಕಾರು ಬೇಕೆಂದರೆ ಅವಳಿರುವ ಮನೆಯ ಮಗ, ಕಾರಿರುವ ಮನೆಯ ಮಗನ ಹತ್ತಿರ ಹೋಗಿ ಕೇಳಬೇಕು. ಕೇಳಿದರೆ ಸೋತ ಹಾಗಲ್ಲವೇ. ಬೋರ್‌ವೆಲ್ಲಿನ ಕಾನೂನನ್ನು ಇವರು ತಾಯಿಗೂ ಕಾರಿಗೂ ಹಾಗೆಯೇ ಹಚ್ಚಿದರು.

ಮುನಿಶಾಮಮ್ಮನಿಗೆ ಹೋಗಬೇಕಾದ ಊರು ಇದ್ದದ್ದು ಒಂದೇ, ನಂಗಲಿ. ಅಲ್ಲಿ ಅವಳ ತಂಗಿ ಚಿಕ್ಕಗಂಗಮ್ಮ ಮಗಳು ಭಾರತಮ್ಮನ ಜೊತೆ ಇದ್ದಳು. ಆಂಧ್ರದ ಗಡಿಯ ಊರಿಗೆ ಸೊಸೆಯಾಗಿ ಹೋಗಿ ಅವಳ ಮಾತಿಗೆ ಅರ್ಧ ತೆಲುಗು ಬೆರೆತುಹೋಗಿತ್ತು. ಅಕ್ಕತಂಗಿಯರಿಗೆ ಅಣ್ಣತಮ್ಮಂದಿರಿಲ್ಲ, ಅಪ್ಪ ಅಮ್ಮ ಹೋದ ಮೇಲೆ ತವರೆಂಬ ಮನೆಯೂ ಉಳಿದಿರಲಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ತವರಾಗಿದ್ದರು. ಈ ಸೀಮೆಯಲ್ಲಿ ಹೆಂಗಸು ಸತ್ತರೆ ಅವಳ ಮೇಲೆ ತವರಿನವರು ಹೊಸ ಸೀರೆ ಹೊದಿಸಬೇಕು. ತವರಿನ ಸೀರೆ ಬರುವ ತನಕ ಹೆಣ ಎತ್ತುವುದಿಲ್ಲ. ಯಾರು ಮೊದಲು ಹೋದರೆ ಅವರಿಗೆ ಉಳಿದವರು ಸೀರೆ ತರುವುದೆಂದು ಇಬ್ಬರೂ ಎಂದೋ ಮಾತಾಡಿಕೊಂಡಿದ್ದರು.

ಕಾರು ಬರುವ ಮುಂಚೆ ಮುನಿಶಾಮಮ್ಮ ಕೊನೆಯ ಸಲ ನಂಗಲಿಗೆ ಹೋಗಿದ್ದಾಗ ಚಿಕ್ಕಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಆ ಮಾತನ್ನು ತಾನಾಗಿ ತೆಗೆದಳು.

“ಸತ್ತಮೇಲೆ ಹೊದಿಸಿದ್ರೆ ಅದು ಹೆಂಗೈತೆ ಅಂತ ನನಗೇನ್ ತಿಳೀತದಕ್ಕಾ? ತರೋದಾದ್ರೆ ಬದುಕಿದ್ದಾಗ್ಲೇ ತಂದ್ಬಿಡು. ಒಂದು ಸಲ ಉಟ್ಕೊಂಡು ಕನ್ನಡೀಲಿ ನೋಡ್ಕೋತೀನಿ.”

ಅಕ್ಕ ಅವಳ ಬಾಯಿಗೆ ಬೈದಳು. ಬೈದರೂ ಆ ಮಾತು ಮನಸ್ಸಿನಲ್ಲೇ ಕೂತಿತು. ಊರಿಗೆ ಬಂದವಳು ತಾನು ಸಾಕಿದ ಒಂದು ಹಸುವಿನ ಹಾಲು ಡೈರಿಗೆ ಹಾಕಿ ಕೈಗೆ ಬಂದದ್ದರಲ್ಲಿ ಉಳಿಸಿ, ಕೋಲಾರದಲ್ಲಿ ಒಂದು ಸೀರೆ ಕೊಂಡಳು. ಕನಕಾಂಬರದ ಬಣ್ಣ, ಹಸಿರು ಅಂಚು. ಚಿಕ್ಕಗಂಗಮ್ಮ ಹುಡುಗಿಯಾಗಿದ್ದಾಗ ಕನಕಾಂಬರಕ್ಕೆ ಪ್ರಾಣ ಬಿಡುತ್ತಿದ್ದಳು. ಸೀರೆಯನ್ನು ಟ್ರಂಕಿನ ತಳದಲ್ಲಿಟ್ಟು, ಮುಂದಿನ ವಾರ ನಂಗಲಿ ಬಸ್ಸು ಹತ್ತಬೇಕು ಎಂದುಕೊಳ್ಳುತ್ತಿದ್ದ ಹೊತ್ತಿಗೆ ಕಾರು ಬಂತು.

ಕಾರು ಬಂದ ದಿನದಿಂದ ಬಸ್ಸು ಹೋಯಿತು. ಮನೆ ಮುಂದೆ ಕಾರಿಟ್ಟುಕೊಂಡು ಅಮ್ಮನನ್ನು ಬಸ್ಸಿಗೆ ಹತ್ತಿಸಿದರೆ ಜನ ಏನೆಂದಾರು ಎಂದು ಮೂವರು ಮಕ್ಕಳೂ ಒಂದೇ ಮಾತು ಹೇಳಿದರು. ಕಾರು ಬಂದ ಮೇಲೆ ಅವರು ಒಂದೇ ಮಾತು ಹೇಳಿದ್ದು ಅದೊಂದರಲ್ಲೇ. ಮಂಡಿ ನೋವಿದ್ದರೂ ಮುನಿಶಾಮಮ್ಮ ಮೊದಲೆಲ್ಲ ಕಂಬಿ ಹಿಡಿದು ಹತ್ತುತ್ತಿದ್ದಳು, ಕೆಳಗಿದ್ದವರು ಯಾರಾದರೂ ಕೈಕೊಟ್ಟು ಮೇಲಕ್ಕೆ ಸಾಗಿಸುತ್ತಿದ್ದರು. ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲಂತೂ ಯಾರನ್ನೂ ಕೇಳುವ ಗೋಜಿರಲಿಲ್ಲ. ಬೆಳಿಗ್ಗೆ ಹೊರಟರೆ ತಂಗಿಯ ಮನೆಯಲ್ಲಿ ಊಟ. ಈಗ ಅದೆಲ್ಲ ಮಾನಕ್ಕೆ ಕುಂದು.

ಅವಳ ತಪ್ಪೂ ಇತ್ತು. ಫೋನಿನಲ್ಲಿ ತಂಗಿಯ ಹತ್ತಿರ, ಕಾರಲ್ಲೇ ಬರ್ತೀನಿ ಕಣೇ, ನಿನ್ನನ್ನೂ ಕೂರಿಸಿಕೊಂಡು ಮುಳಬಾಗಿಲಿಗೆ ಒಂದು ಸುತ್ತು ಹೋಗಿಬರೋಣ ಎಂದು ಜಂಬ ಕೊಚ್ಚಿಕೊಂಡಿದ್ದಳು. ನಂಗಲಿಯ ಬೀದಿಯಲ್ಲಿ ಎಡಗಡೆ ಬಾಗಿಲು ತೆರೆದು, ಸೀರೆಯ ಚೀಲ ಹಿಡಿದು ಇಳಿಯುವ ತನ್ನನ್ನು ತಾನೇ ಮನಸ್ಸಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಆ ಆಸೆಗೆ ಬಿದ್ದು ಮೊದಮೊದಲು ತಾನೇ ಮುಂದೂಡಿದಳು. ತಂಗಿ ಪ್ರತಿಸಲವೂ “ಎಪ್ಪುಡು ವಸ್ತಾವಕ್ಕಾ, ಯಾವಾಗ ಬರ್ತೀಯ” ಎಂದು ಎರಡೂ ಭಾಷೆಯಲ್ಲಿ ಕೇಳುತ್ತಿದ್ದಳು. ಬರುವ ವಾರ ಎಂದು ಅಕ್ಕ ಹೇಳುತ್ತಿದ್ದಳು.

ಒಂದು ದಿನ ಭಾರತಮ್ಮನೇ ಫೋನು ಮಾಡಿದಳು. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಗಂಜಿ ಬಿಟ್ಟರೆ ಏನೂ ಇಳಿಯುತ್ತಿಲ್ಲ, ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು, ದೊಡ್ಡಮ್ಮಾ ನೀನೊಂದು ಸಲ ಬಾ ಎಂದಳು. ಆಗ ಮುನಿಶಾಮಮ್ಮ ಇದ್ದದ್ದು ವೆಂಕಟನ ಮನೆಯಲ್ಲಿ, ಕಾರು ಇದ್ದದ್ದು ಶಿವಕುಮಾರನ ಮನೆಯಲ್ಲಿ. ವೆಂಕಟ್ ಕೇಳಲು ಹೋಗಲಿಲ್ಲ. ಅವಳೇ ಹೋಗಿ ಕೇಳಿದಳು. ಹುಳು ಹಣ್ಣಾಗುತ್ತಿವೆ, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡಬೇಕು, ಈ ಹೊತ್ತಿನಲ್ಲಿ ಬಿಟ್ಟು ಬಂದರೆ ಬೆಳೆಯೇ ಹೋಗುತ್ತದೆ ಎಂದ ಶಿವಕುಮಾರ. ಅದು ಸುಳ್ಳಲ್ಲ. ಹಾಗಾದರೆ ಕೀಲಿಯನ್ನು ವೆಂಕಟನಿಗೆ ಕೊಡು ಎಂದಳು. ಅವನು ಕೇಳಿದರೆ ಕೊಡುತ್ತೇನೆ, ನಾನಾಗಿ ಕೊಟ್ಟರೆ ನನ್ನ ವಾರ ಹೋದ ಹಾಗೆ ಎಂದ. ವೆಂಕಟ್ ಕಾರ್ಖಾನೆಯಿಂದ ಬಂದ ಮೇಲೆ ಅವನಿಗೆ ಹೇಳಿದಳು. ನಾನ್ಯಾಕೆ ಕೇಳಲಿ, ಅವನಿಗೂ ಅಮ್ಮನಲ್ಲವೇ ಎಂದ ಅವನು. ಇವಳು ಇಬ್ಬರಿಗೂ ಅಮ್ಮನಾಗಿ ನಡುವಿನ ಗೋಡೆಯ ಹತ್ತಿರ ನಿಂತುಕೊಂಡಳು.

ಆ ವಾರ ಕಳೆದು ಕಾರು ದೊಡ್ಡಮುನಿಯಪ್ಪನ ಮನೆಗೆ ಹೋಯಿತು. ಮುನಿಶಾಮಮ್ಮ ಇನ್ನು ಯಾರನ್ನೂ ಕೇಳಬಾರದು ಎಂದು ಹಟ ಹಿಡಿದಳು. ಬೆಳಿಗ್ಗೆ ಸೊಸೆ ಹಿತ್ತಲಲ್ಲಿದ್ದಾಗ ಟ್ರಂಕಿನಿಂದ ಸೀರೆ ತೆಗೆದು, ಚೀಲದಲ್ಲಿಟ್ಟುಕೊಂಡು, ಸದ್ದಿಲ್ಲದೆ ಬಸ್‌ಸ್ಟ್ಯಾಂಡಿಗೆ ನಡೆದಳು. ಕೋಲಾರದ ಬಸ್ಸು ಇನ್ನೇನು ಬರಬೇಕು, ಅಷ್ಟರಲ್ಲಿ ಬಿಳಿ ಕಾರು ಬಂದು ಅವಳ ಮುಂದೆ ನಿಂತಿತು. ಯಾರೋ ದೊಡ್ಡಮುನಿಯಪ್ಪನಿಗೆ ಸುದ್ದಿ ಮುಟ್ಟಿಸಿದ್ದರು. ಅವನು ಇಳಿದು ಬಂದು, ಸುತ್ತ ನಿಂತವರ ಕಡೆ ನೋಡಿ ಹಲ್ಲುಗಿಂಜಿ, ಅಮ್ಮನ ತೋಳು ಹಿಡಿದು ಹಿಂದಿನ ಎಡಗಡೆ ಸೀಟಿನಲ್ಲಿ ಕೂರಿಸಿದ. ಮುನಿಶಾಮಮ್ಮನ ಜೀವ ಹೂವಾಯಿತು. ಕಡೆಗೂ ಹಿರಿಯ ಮಗ ಹಿರಿಯ ಮಗನೇ ಎಂದುಕೊಂಡು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ಕಾರು ಕೋಲಾರದ ಕಡೆ ತಿರುಗಲಿಲ್ಲ, ಊರೊಳಕ್ಕೆ ತಿರುಗಿತು.

“ಇಲ್ಲಿಂದ ಹಂಗೇ ನಂಗಲಿಗೆ ಬಿಡೋ, ಮಧ್ಯಾಹ್ನದೊಳಗೆ ಬಂದ್ಬಿಡಬೋದು” ಎಂದಳು.

“ನಾನೇನ್ ಬಿಡಲ್ಲ ಅಂದ್ನಾ? ನೀನೀಗ ಅವ್ನ ಮನೇಲಿದ್ದೀಯ. ವೆಂಕಟ ಬಂದು, ಅಣ್ಣಾ ಅಮ್ಮನ್ನ ಕರ್ಕೊಂಡು ಹೋಗು ಅಂತ ಒಂದ್ಮಾತು ಅನ್ಲಿ, ಈಗ್ಲೇ ಹೊರಡ್ತೀನಿ. ನನ್ನ ವಾರದಲ್ಲಿ ನಿನ್ನ ಬಸ್‌ಸ್ಟ್ಯಾಂಡಲ್ಲಿ ನಿಲ್ಸಿ, ಊರೋರ ಮುಂದೆ ನನ್ನ ಮರ್ಯಾದೆ ಕಳೀಬೇಕು ಅಂತಾನೇ ಅವ್ರು ಮಾಡಿರೋದಿದು.”

ವೆಂಕಟನ ಮನೆ ಬಾಗಿಲಲ್ಲಿ ಅವಳನ್ನು ಇಳಿಸಿ, ಸೊಸೆಗೆ ಕೇಳುವ ಹಾಗೆ ನಾಲ್ಕು ಮಾತು ಬೈದು ಅವನು ಹೋದ. ಸೊಸೆ ಅತ್ತೆಯ ಮೇಲೆ ಹರಿಹಾಯ್ದಳು.   ಓಡಾಡಲೆಂದು ತಂದ ಕಾರು ತನ್ನನ್ನು ಮೊದಲ ಸಲ ಒಬ್ಬಳನ್ನೇ ಕೂರಿಸಿಕೊಂಡು ಬಂದದ್ದು ಹೋಗಬೇಕಾದ ದಾರಿಯಿಂದ ವಾಪಸ್ಸು ತರುವುದಕ್ಕೆ ಎಂಬುದು ಮುನಿಶಾಮಮ್ಮನಿಗೆ ಸ್ಪಷ್ಟವಾಗಿತ್ತು. ನಿಂತಿದ್ದರೆ ಬಸ್ಸು ಬರುತ್ತಿತ್ತು. ಯಾಕೆ ಕಾರು ಹತ್ತಿದೆ ಎಂದು ಅವಳು ತನ್ನ ಮೇಲೂ ಸಿಟ್ಟಾದಳು. ಸೀರೆಯನ್ನು ಮತ್ತೆ ಟ್ರಂಕಿನಲ್ಲಿಟ್ಟಳು.

ಚಿಕ್ಕಗಂಗಮ್ಮ ಅದೇ ವಾರ ತೀರಿಕೊಂಡಳು.

ಸಾವಿನ ಸುದ್ದಿ ಬಂದ ಬೆಳಿಗ್ಗೆ ಕಾರು ಯಾರ ವಾರದ್ದು ಎಂದು ಯಾರೂ ಕೇಳಲಿಲ್ಲ. ದೊಡ್ಡಮುನಿಯಪ್ಪ ಕೀಲಿ ಹಿಡಿದು ತಾನಾಗಿಯೇ ಬಂದ. ವೆಂಕಟ್ ಕಾರ್ಖಾನೆಗೆ ರಜೆ ಹಾಕಿದ. ಶಿವಕುಮಾರನ ರೇಷ್ಮೆಗೂಡನ್ನು ಬಿಡಿಸಲು ಯಾರೋ ಸಿಕ್ಕಿದರು. ಸೊಸೆಯಂದಿರು ಸೀರೆ ಬದಲಾಯಿಸಿಕೊಂಡು ಸಿದ್ಧರಾದರು. ಐದು ಜನ ಕೂರುವ ಕಾರಿನಲ್ಲಿ ಏಳು ಜನ ಕೂತರು. ಹತ್ತಿರದ ಸಾವಿಗೆ ಹೋಗದಿದ್ದರೆ ನೆಂಟರ ನಾಲಿಗೆ ಸುಮ್ಮನಿರುತ್ತದೆಯೇ, ಅದರಲ್ಲೂ ಕಾರಿದ್ದವರು. ಮುನಿಶಾಮಮ್ಮನನ್ನು ಎಡಗಡೆಯ ಬಾಗಿಲಿಗೆ ಒತ್ತಿ ಕೂರಿಸಿದರು. ಕೋಲಾರ ದಾಟಿ ಮುಳಬಾಗಿಲ ಹೆದ್ದಾರಿಗೆ ಬಿದ್ದ ಮೇಲೆ ಕಾರು ನೀರು ಹರಿದ ಹಾಗೆ ಓಡಿತು. ಎಷ್ಟು ಬೇಗ ಬಂದುಬಿಟ್ಟೆವು ನೋಡಿ ಎಂದು ಕಿರಿಸೊಸೆ ಹೇಳಿದಳು. 

ನಂಗಲಿಯ ಬೀದಿಯಲ್ಲಿ ಕಾರು ನಿಂತಾಗ ಜನ ದಾರಿ ಬಿಟ್ಟರು. ಅವಳು ಎಷ್ಟೋ ಸಲ ಕಂಡಿದ್ದ ಹಾಗೆಯೇ ಎಡಗಡೆಯ ಬಾಗಿಲು ತೆರೆದು, ಚೀಲ ಹಿಡಿದು ಇಳಿದಳು. ತವರಿನ ಸೀರೆ ಬಂತು ಎಂದು ಯಾರೋ ಕೂಗಿದರು, ಅಲ್ಲಿಯ ತನಕ ಕಾಯುತ್ತಿದ್ದವರು ಎದ್ದು ನಿಂತರು. ಮುನಿಶಾಮಮ್ಮ ಕನಕಾಂಬರದ ಸೀರೆಯ ಮಡಿಕೆ ಬಿಡಿಸಿ ತಂಗಿಯ ಮೇಲೆ ಹೊದಿಸಿದಳು. ಅಂಚನ್ನು ಗಲ್ಲದ ತನಕ ಎಳೆದು ಸರಿ ಮಾಡಿದಳು. ಬಣ್ಣ ಅವಳಿಗೆ ಒಪ್ಪುತ್ತಿತ್ತು. ಅದನ್ನು ನೋಡಲಾರದೆ ಮುನಿಶಾಮಮ್ಮ ಎದೆ ಎದೆ ಬಡಿದುಕೊಂಡು ಅತ್ತಳು. ತಾಯಿಗೆ ಕಾರು ತೆಗೆದುಕೊಟ್ಟ ಮಕ್ಕಳು ಇವರೇ ಎಂದು ಹಿಂದೆ ಯಾರೋ ಯಾರಿಗೋ ತೋರಿಸುತ್ತಿದ್ದರು.

ಮಣ್ಣು ಮಾಡಿ ಬಂದು ಸ್ನಾನ ಮುಗಿದ ಮೇಲೆ ಭಾರತಮ್ಮ ದೊಡ್ಡಮ್ಮನ ಪಕ್ಕ ಬಂದು ಕೂತಳು. ಬೈಯುತ್ತಾಳೆ ಎಂದು ಮುನಿಶಾಮಮ್ಮ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ರೋಡಲ್ಲಿ ಹಾರ್ನ್ ಕೇಳಿಸಿದಾಗೆಲ್ಲ, ಅಕ್ಕನ ಕಾರಾ ನೋಡೇ ಅಂತಿದ್ಳು. ಇಲ್ಲಿ ಹಗಲೂ ರಾತ್ರಿ ಲಾರಿಗಳೇ ಅಲ್ವಾ ದೊಡ್ಡಮ್ಮಾ. ನಾನು ಒಂದೊಂದ್ಸಲಾನೂ ಎದ್ದೋಗಿ ನೋಡ್ಬಂದು, ಅಲ್ಲಮ್ಮ, ಲಾರಿ ಅಂತಿದ್ದೆ. ಕನ್ನಡಿ ಒರೆಸಿ ಮಂಚದ ಹತ್ರ ಇಡಿಸ್ಕೊಂಡಿದ್ಳು.”

ಮುನಿಶಾಮಮ್ಮ ಆ ಕನ್ನಡಿಯ ಕಡೆ ನೋಡಲಿಲ್ಲ. ಎದ್ದು ಹೊರಗೆ ಬಂದಳು. ಹೆದ್ದಾರಿಯ ಪಕ್ಕ ಕಾರಿನ ಸುತ್ತ ಅವಳ ಮಕ್ಕಳು ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾಳೆಗೆ ತಿಂಗಳು ಮುಗಿಯುತ್ತದೆ, ಹಾಗಾಗಿ ಅಮ್ಮ ಇವತ್ತೇ ಶಿವಕುಮಾರನ ಮನೆಗೆ ಇಳಿಯಲಿ ಎಂದು ವೆಂಕಟ್ ಹೇಳುತ್ತಿದ್ದ. ನಾಳೆ ಎಂದರೆ ನಾಳೆಯೇ ಎಂದು ಶಿವಕುಮಾರ. ಹನ್ನೊಂದನೆಯ ದಿನದ ಕಾರ್ಯ ನನ್ನ ವಾರದಲ್ಲಿ ಬೀಳುವುದಿಲ್ಲ, ಕಾರಿಗೆ ನನ್ನನ್ನು ಕೇಳಬೇಡಿ, ಈಗಲೇ ಹೇಳಿಬಿಟ್ಟಿದ್ದೇನೆ ಎಂದು ದೊಡ್ಡಮುನಿಯಪ್ಪ.  ಅಮ್ಮನನ್ನು ಕಂಡು ದೊಡ್ಡಮುನಿಯಪ್ಪ ಎಡಗಡೆಯ ಬಾಗಿಲು ತೆರೆದು ಹಿಡಿದ.

ಮುನಿಶಾಮಮ್ಮ ಬಾಗಿಲಿನ ಮೇಲೆ ಕೈಯಿಟ್ಟು, ಅದನ್ನು ಮೆಲ್ಲಗೆ ಮುಚ್ಚಿದಳು.

“ಬೋರಿಗೆ ಮೂರು ಸರದಿ ಮಾಡ್ಕೊಂಡ್ರಿ, ನನಗೂ ಮೂರು ಸರದಿ ಮಾಡಿದ್ರಿ, ಬಾಯ್ಮುಚ್ಕೊಂಡಿದ್ದೆ. ಈ ಕಾರು ನನ್ನ ಹೆಸರಲ್ಲೈತೆ. ನಿಮ್ಮ ಮೂರು ಜನದ್ದೂ ವಾರ ಐತೆ. ನನ್ನ ವಾರ ಯಾವ್ದು, ಹೇಳ್ರೋ.”

ಜನ ನೋಡುತ್ತಿದ್ದಾರೆ, ಕಾರು ಹತ್ತು ಎಂದು ವೆಂಕಟ್ ಹಲ್ಲು ಕಚ್ಚಿ ಗೊಣಗಿದ. ಅವಳು ಆಗಲೇ ಬಸ್‌ಸ್ಟಾಪಿನ ಕಡೆ ನಡೆದಿದ್ದಳು. ಮಂಡಿ ನೋಯುತ್ತಿತ್ತು. ಹೆದ್ದಾರಿಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಾ ಹೋಗುತ್ತಿದ್ದವು.

ಭಾರತಮ್ಮ ಹಿಂದೆಯೇ ಓಡಿ ಬಂದು ಅವಳ ಕೈ ಹಿಡಿದುಕೊಂಡಳು. ಕೋಲಾರದ ಬಸ್ಸು ಬಂದು ನಿಂತಿತು. ಭಾರತಮ್ಮ ಸೊಂಟಕ್ಕೆ ಕೈಕೊಟ್ಟು ದೊಡ್ಡಮ್ಮನನ್ನು ಮೊದಲ ಮೆಟ್ಟಿಲಿಗೆ ಸಾಗಿಸಿದಳು. ಅಮ್ಮ ಇಲ್ಲ ಅಂತ ಯೋಚನೆ ಮಾಡಬೇಡ ದೊಡ್ಡಮ್ಮಾ, ನಿನ್ನ ತವರು ನಾನೇ, ನಿನ್ನ ಸೀರೆ ನಾನು ತರ್ತೀನಿ ಎಂದಳು.

ಮುನಿಶಾಮಮ್ಮ ಕಂಬಿ ಹಿಡಿದು ತಿರುಗಿದಳು.

“ತರೋದಾದ್ರೆ ಬರೋ ತಿಂಗ್ಳೇ ತಾ. ಉಟ್ಕೊಂಡು ನೋಡ್ತೀನಿ. ಕಾರು ಕಳಿಸ್ತೀವಿ ಅಂತ ಯಾರಾದ್ರೂ ಅಂದ್ರೆ ಕಾಯ್ತಾ ಕೂತ್ಕೋಬೇಡ, ಬಸ್ಸಲ್ಲೇ ಬಂದ್ಬಿಡು.”